ಅಂಗಡಿ ಬಿಲ್ಲಿಂಗ್‌ಗೆ ಯಾವ ಜಿಯುಐ ಟೂಲ್‌ಕಿಟ್? ಬಳಸಿದವರು ಹೇಳಿ

ಅವೆನ್ಯೂ ರೋಡ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗೆಳೆಯನೂ ಸೇರಿ ಚಿಕ್ಕಪೇಟೆ, ಅವೆನ್ಯೂ ರಸ್ತೆ ಕಡೆಯ ಗ್ರಂಥಿಗೆ ಅಂಗಡಿ, ಪ್ರಾವಿಷನ್ ಸ್ಟೋರ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತಿದ್ದೇವೆ. ಸಾಮಾನಿನ ಹೆಸರು, ಬಿಲ್ಲು ಎಲ್ಲ ಕನ್ನಡದಲ್ಲೇ ಬೇಕು. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡಬೇಕು. ಪೈಥಾನ್ ಚೆನ್ನಾಗಿ ಬರುತ್ತದೆ, ಜಾವಾಸ್ಕ್ರಿಪ್ಟ್ ಸುಮಾರು. ಅಂಗಡಿಗಳಲ್ಲಿರುವುದು ಎಸ್‌.ಪಿ. ರೋಡಿನಲ್ಲಿ ಕೊಂಡ ಹಳೇ ಕಂಪ್ಯೂಟರ್‌ಗಳು, 4 ಜಿಬಿ ರ‍್ಯಾಮ್. ವಿಂಡೋ, ಬಟನ್ ಕಟ್ಟಿಕೊಡುವ ಜಿಯುಐ ಟೂಲ್‌ಕಿಟ್‌ಗಳಲ್ಲಿ ಕ್ಯೂಟಿ, ಜಿಟಿಕೆ, ಟಿಕೆಇಂಟರ್, ಎಲೆಕ್ಟ್ರಾನ್, ಫ್ಲಟರ್ ಅಂತ ಓದಿದಷ್ಟೂ ತಲೆ ಕೆಡುತ್ತಿದೆ. ನೀವಾಗಿದ್ದರೆ ಯಾವುದು ಹಿಡಿಯುತ್ತಿದ್ದಿರಿ?

ಹಳೇ ಸಿ++:

ಹೋಲಿಕೆ ಪಟ್ಟಿಗಳನ್ನು ಸ್ವಲ್ಪ ಪಕ್ಕಕ್ಕಿಡಿ. ನಿಮಗೆ ಬೇಕಾದ ಎರಡು ವಿಷಯ ಅವುಗಳಲ್ಲಿ ಇರುವುದೇ ಇಲ್ಲ: ಕನ್ನಡ ಸರಿಯಾಗಿ ಮೂಡುತ್ತಾ, ಬಿಲ್ಲು ಸರಿಯಾಗಿ ಅಚ್ಚಾಗುತ್ತಾ.

ಪ್ರತಿಯೊಂದು ಟೂಲ್‌ಕಿಟ್‌ನಲ್ಲೂ ಒಂದು ಖಾಲಿ ವಿಂಡೋ, ಅದರೊಳಗೊಂದು ಟೆಕ್ಸ್ಟ್ ಬಾಕ್ಸ್ ಮಾಡಿ. ಅಲ್ಲಿ ‘ಸೂರ್ಯಕಾಂತಿ ಎಣ್ಣೆ, ರ‍್ಯಾಕ್ 3’ ಅಂತ ಟೈಪ್ ಮಾಡಿ. ಪೇಸ್ಟ್ ಮಾಡಬೇಡಿ, ನಿಮ್ಮ ಗಿರಾಕಿ ಬಳಸುವ ಕೀಬೋರ್ಡ್ ಲೇಔಟಿನಲ್ಲೇ ಟೈಪ್ ಮಾಡಿ. ‘ಸೂರ್ಯ’ದಲ್ಲಿ ಅರ್ಕಾವತ್ತು ಬಂತಾ? ‘ರ‍್ಯಾಕ್’ನಲ್ಲಿ ರಕಾರ ಪೂರ್ತಿ ನಿಂತು ಅದಕ್ಕೆ ಯ ಒತ್ತು ಬಂತಾ? ಬಾಣದ ಕೀ ಒತ್ತಿದರೆ ಕರ್ಸರ್ ‘ಣ್ಣೆ’ ನಡುವೆ ಹೋಗಿ ನಿಲ್ಲುತ್ತಾ? ಬ್ಯಾಕ್‌ಸ್ಪೇಸ್ ಒತ್ತಿದರೆ ಒತ್ತು ಮಾತ್ರ ಹೋಗುತ್ತಾ, ಇಡೀ ಅಕ್ಷರ ಹೋಗುತ್ತಾ?

ಟಿಕೆಇಂಟರ್ ಲಿನಕ್ಸ್‌ನಲ್ಲಿ ಇಲ್ಲೇ ಮುಗ್ಗರಿಸುತ್ತದೆ. ಟಿಕೆ 8.6ರಲ್ಲಿ ಅಕ್ಷರ ಕೂಡಿಸಿ ಒತ್ತು ಮಾಡುವ ಕೆಲಸವೇ ಇಲ್ಲ, ಹಾಗಾಗಿ ‘ಎಣ್ಣೆ’ ಹೋಗಿ ‘ಎಣ್‌ಣೆ’ ಥರ ಕಾಣುತ್ತದೆ. ವಿಂಡೋಸ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ಮೇ ಕೂಡಿಸಿ ಕೊಡುವುದರಿಂದ ಈ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಕ್ಯೂಟಿ, ಜಿಟಿಕೆ, ಎಲೆಕ್ಟ್ರಾನ್ ಒಳಗಿನ ಬ್ರೌಸರ್ ಆದ ಕ್ರೋಮಿಯಂ, ಫ್ಲಟರ್ ಇವೆಲ್ಲ ಹಾರ್ಫ್‌ಬಜ್ ಎಂಬ ಅಕ್ಷರ ಕೂಡಿಸುವ ಲೈಬ್ರರಿ ಬಳಸುತ್ತವೆ. ಅಕ್ಷರ ಮೂಡಿಸುವುದರಲ್ಲಿ ನಾಲ್ಕೂ ಪಾಸ್.

ಇನ್ನು ಪ್ರಿಂಟರ್. ಗಲ್ಲಾ ಪಕ್ಕದ ಥರ್ಮಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ ಕನ್ನಡದ ಅಕ್ಷರಗಳೇ ಗೊತ್ತಿಲ್ಲ. ಇಂಗ್ಲಿಷ್ ಬಿಲ್ಲಿನ ಹಾಗೆ ಸುಮ್ನೆ ಟೆಕ್ಸ್ಟ್ ಕಳಿಸಿದರೆ ಕಸ ಬರುತ್ತದೆ. ಇಡೀ ಬಿಲ್ಲನ್ನು ಚಿತ್ರವಾಗಿ ಬರೆದು ಕಳಿಸಬೇಕು. 203 ಡಿಪಿಐ (ಇಂಚಿಗೆ 203 ಚುಕ್ಕೆ) ಪ್ರಿಂಟರ್ ಆದರೆ 80 ಮಿ.ಮೀ. ರೋಲಿಗೆ ಸಾಮಾನ್ಯವಾಗಿ 576 ಚುಕ್ಕೆ ಅಗಲ, 58 ಮಿ.ಮೀ. ರೋಲಿಗೆ 384. ಕ್ಯೂಟಿಯಲ್ಲಿ ಅಷ್ಟಗಲದ ಕ್ಯೂಇಮೇಜ್ (ಖಾಲಿ ಚಿತ್ರ) ತೆರೆದು, ಕ್ಯೂಪೇಂಟರ್‌ನಿಂದ ಸಾಲು ಸಾಲಾಗಿ ಬರೆದು, ಕಪ್ಪು-ಬಿಳುಪಿಗೆ ಇಳಿಸಿ ಕಳಿಸಿದರೆ ಆಯಿತು. ಪರದೆಗೆ ಅಕ್ಷರ ಬರೆಯುವ ಕೋಡೇ ಕಾಗದಕ್ಕೂ ಬರೆಯುತ್ತದೆ, ಹಾಗಾಗಿ ಒತ್ತು ಅಲ್ಲೊಂದು ಥರ ಇಲ್ಲೊಂದು ಥರ ಆಗುವುದಿಲ್ಲ. ತೆಳ್ಳನೆ ಫಾಂಟ್ ಬೇಡ, ಗೆರೆ ಹರಿದುಹೋಗುತ್ತದೆ. ನೋಟೋ ಸಾನ್ಸ್ ಕನ್ನಡದಲ್ಲಿ ಸ್ವಲ್ಪ ದಪ್ಪದ್ದು ಹಾಕಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫಾಂಟನ್ನು ಸಾಫ್ಟ್‌ವೇರ್ ಜೊತೆಗೇ ಕೊಡಿ, ನೋಟೋದ ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆ. ವಿಂಡೋಸ್‌ನ ತುಂಗಾ, ನಿರ್ಮಲಾ ನಂಬಿಕೊಂಡರೆ ಲಿನಕ್ಸ್‌ನಲ್ಲಿ ಅವು ಇರುವುದಿಲ್ಲ.

ಪೈಥಾನ್ ಬರುತ್ತದೆ ಅಂದಿರಲ್ಲ, ನನ್ನ ಓಟು ಪೈಸೈಡ್ 6ಕ್ಕೆ, ಅಂದರೆ ಪೈಥಾನ್‌ನಿಂದ ಕ್ಯೂಟಿ 6 ಬಳಸುವ ದಾರಿಗೆ. ಪೈಕ್ಯೂಟಿ ಕೂಡ ಹೆಚ್ಚುಕಮ್ಮಿ ಹಾಗೇ ಇದೆ, ಆದರೆ ಅದು ಜಿಪಿಎಲ್. ಕೋಡ್ ತೆರೆದಿಡಲು ಇಷ್ಟವಿಲ್ಲ ಅಂದರೆ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳಬೇಕು. ಪೈಸೈಡ್ ಎಲ್‌ಜಿಪಿಎಲ್ ಅಡಿ ಸಿಗುತ್ತದೆ, ನಿಮ್ಮ ಕೋಡ್ ತೆರೆದಿಡಬೇಕಿಲ್ಲ. ಹಾಗಂತ ಕ್ಯೂಟಿಯ ಎಲ್ಲ ಭಾಗಗಳೂ ಹಾಗಲ್ಲ. ದಿನದ ವ್ಯಾಪಾರದ ಗ್ರಾಫ್ ಹಾಕೋಣ ಅಂತ ಕ್ಯೂಟಿ ಚಾರ್ಟ್ಸ್ ಎಳೆದುಕೊಂಡರೆ ಅದು ಜಿಪಿಎಲ್ ಅಥವಾ ಕಮರ್ಷಿಯಲ್. ಗ್ರಾಫಿಗೆ ಪೈಕ್ಯೂಟಿಗ್ರಾಫ್ ಸಾಕು, ಅದು ಎಂಐಟಿ ಲೈಸೆನ್ಸ್. ಹೆಸರು ನೋಡಿ ಹೆದರಬೇಡಿ, ಪೈಸೈಡ್ ಜೊತೆಗೂ ಓಡುತ್ತದೆ.

ವೆಬ್ ಕೂಲಿ:

ಎಲೆಕ್ಟ್ರಾನ್ ಬೈಯುವುದು ಈಗ ಫ್ಯಾಷನ್ ಆಗಿದೆ. ನಾನು ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ಕ್ರೋಮಿಯಂ, ಹಾಗಾಗಿ ಇಲ್ಲಿ ನೋಡಿದ್ದು ಅಲ್ಲೂ ಹಾಗೇ ಕಾಣುತ್ತದೆ. ಆದರೆ ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಆ ಕಂಪ್ಯೂಟರಿನಲ್ಲಿ ನಿಮ್ಮದೊಂದೇ ಓಡುವುದಿಲ್ಲ ಅಲ್ವಾ? ಪಕ್ಕದಲ್ಲಿ ಟ್ಯಾಲಿ ಇರುತ್ತದೆ, ಬ್ರೌಸರಿನಲ್ಲಿ ವಾಟ್ಸ್‌ಆ್ಯಪ್ ತೆರೆದಿರುತ್ತದೆ. 4 ಜಿಬಿಯಲ್ಲಿ ಇನ್ನೊಂದು ಕ್ರೋಮಿಯಂ ಅಂದರೆ ತುಂಬಿದ ಬಿಎಂಟಿಸಿ ಬಸ್ಸಿಗೆ ಅಕ್ಕಿ ಮೂಟೆ ಹತ್ತಿಸಿದ ಹಾಗೆ. ಎಲೆಕ್ಟ್ರಾನ್ ಥರದ್ದೇ ಆದ ಟಾರಿ, ವೆಬ್ ಪುಟ ತೋರಿಸಲು ಸಿಸ್ಟಮ್ಮಿನ ವೆಬ್‌ವ್ಯೂವನ್ನೇ ಬಳಸುವುದರಿಂದ ಫೈಲ್ ಸಣ್ಣದು. ಆದರೆ ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಲಿನಕ್ಸ್‌ನಲ್ಲಿ ವೆಬ್‌ಕಿಟ್‌ಜಿಟಿಕೆ, ಎರಡು ಎಂಜಿನ್ ಎರಡು ಕಡೆ ಟೆಸ್ಟ್ ಮಾಡಬೇಕು. ಒಳಗಿನ ಭಾಗಕ್ಕೆ ರಸ್ಟ್ ಭಾಷೆ ಬೇರೆ.

ಮಲ್ಲೇಶ್ವರ ಮೇಡಂ:

ಫ್ಲಟರ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ವಿಂಡೋಸ್‌ಗೆ ಅದರ ಸ್ಟೇಬಲ್ ಆವೃತ್ತಿ ಬಂದಿದ್ದು 2022ರ ಫೆಬ್ರವರಿಯಲ್ಲಿ, ಲಿನಕ್ಸ್‌ಗೆ ಅದೇ ವರ್ಷ ಮೇನಲ್ಲಿ. ಅಂಗಡಿ ಯಜಮಾನರಿಗೆ ಮೊಬೈಲ್ ಆ್ಯಪ್ ಕೂಡ ಕೊಡುವ ಯೋಚನೆಯಿದ್ದರೆ ನೋಡಿ. ಕೌಂಟರ್ ಬಿಲ್ಲಿಂಗ್‌ಗೆ ಮಾತ್ರ ನನಗೆ ಹಿಡಿಸಲಿಲ್ಲ. ಸಂಜೆ ರಶ್ಶಿನಲ್ಲಿ ಯಾರೂ ಮೌಸ್ ಮುಟ್ಟುವುದಿಲ್ಲ. ಹೆಸರಿನ ಎರಡಕ್ಷರ, ಎಂಟರ್, ತೂಕ, ಎಂಟರ್, ಮುಂದಿನ ಸಾಲು, ಅಷ್ಟೇ. ಕೈ ಕೀಬೋರ್ಡ್ ಬಿಟ್ಟು ಏಳಬಾರದು. ಫ್ಲಟರ್‌ನ ಟೇಬಲ್ ತೋರಿಸುವುದಕ್ಕೆ ಸರಿ, ಅದರೊಳಗೇ ಟೈಪ್ ಮಾಡಬೇಕೆಂದರೆ ಗ್ರಿಡ್ಡನ್ನು ನೀವೇ ಕಟ್ಟಬೇಕು ಇಲ್ಲಾ ಬೇರೆ ಪ್ಯಾಕೇಜ್ ಹುಡುಕಬೇಕು. ಕ್ಯೂಟಿಯ ಟೇಬಲ್‌ವ್ಯೂನಲ್ಲಿ ಅದು ಮೊದಲಿನಿಂದಲೂ ಇದೆ.

ಅವೆನ್ಯೂ ರೋಡ್ ಹುಡುಗ:

ತುಂಬಾ ಥ್ಯಾಂಕ್ಸ್. ಕೆಲವು ಅಂಗಡಿಗಳಲ್ಲಿ ಇನ್ನೂ ವಿಂಡೋಸ್ 7 ಇದೆ, ಬದಲಾಯಿಸಲ್ಲ ಅಂತ ಹಟ. ಜಿಟಿಕೆ, ಇಲ್ಲಾ ಡಬ್ಲ್ಯುಎಕ್ಸ್ ಅನ್ನೋ ಇನ್ನೊಂದು ಟೂಲ್‌ಕಿಟ್ ಬಳಸಿದವರು ಇದ್ದೀರಾ?

ಹಳೇ ಸಿ++:

ಕ್ಯೂಟಿ 6 ವಿಂಡೋಸ್ 7ರಲ್ಲಿ ಓಡುವುದಿಲ್ಲ ಸರ್. ಕ್ಯೂಟಿ 5.15, ಅಂದರೆ ಪೈಸೈಡ್ 2, ಜೊತೆಗೆ ಪೈಥಾನ್ 3.8 ಬೇಕಾಗುತ್ತದೆ. ಅದರ ನಂತರದ ಪೈಥಾನ್ ವಿಂಡೋಸ್ 7ಕ್ಕೆ ಇಲ್ಲ. ಎಲೆಕ್ಟ್ರಾನ್ ಕೂಡ ಅದಕ್ಕೆ ಆವೃತ್ತಿ 22ಕ್ಕೇ ನಿಂತಿತು. ಎರಡು ಬಗೆಯ ಬಿಲ್ಡ್ ಸಾಕುವುದಕ್ಕಿಂತ ಅಂಥ ಕಂಪ್ಯೂಟರಿಗೆ ಹಗುರವಾದ ಲಿನಕ್ಸ್ ಹಾಕಿ ಕೊಡಿ. ಹೇಗೂ ಲಿನಕ್ಸ್‌ಗೆ ಮಾಡುತ್ತಿದ್ದೀರಲ್ಲ. ಜಿಟಿಕೆ ಲಿನಕ್ಸ್‌ನಲ್ಲಿ ಸೊಗಸು, ವಿಂಡೋಸ್‌ಗೆ ಪ್ಯಾಕ್ ಮಾಡುವಾಗ ಎಂಸಿಸ್2 ಎಂಬ ಬಿಲ್ಡ್ ಪರಿಸರ ಕಟ್ಟಿಕೊಂಡು ಏಗಬೇಕು.

ಸರ್ಜಾಪುರ ಟ್ರಾಫಿಕ್:

ಡಬ್ಲ್ಯುಎಕ್ಸ್‌ಪೈಥಾನ್ ನಾನು ಬಳಸುತ್ತೇನೆ. ಆಯಾ ಸಿಸ್ಟಮ್ಮಿನ ಬಟನ್, ಮೆನುಗಳನ್ನೇ ಎತ್ತಿಕೊಳ್ಳುತ್ತದೆ, ಲೈಸೆನ್ಸ್ ತಲೆನೋವು ಇಲ್ಲ. ಆದರೆ ನಿಮ್ಮ ಗ್ರಿಡ್, ಪ್ರಿಂಟ್ ಎರಡನ್ನೂ ನೋಡಿದರೆ ನಾನೂ ಪೈಸೈಡ್ ಅಂತಲೇ ಹೇಳುತ್ತೇನೆ.

ಟೂಲ್‌ಕಿಟ್ ಯಾವುದಾದರೂ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸಿದರೆ ಅದು ಹೆಸರುಗಳನ್ನು ಸುಮ್ನೆ ಯೂನಿಕೋಡ್ ಕ್ರಮದಲ್ಲಿ ಜೋಡಿಸುತ್ತದೆ, ಅಲ್ಲಿ ಳಕಾರ ವಕಾರಕ್ಕಿಂತ ಮೊದಲು. ಪಟ್ಟಿಯಲ್ಲಿ ‘ಬೇಳೆ’ ಮೇಲೆ, ‘ಬೇವಿನೆಣ್ಣೆ’ ಕೆಳಗೆ ಬರುತ್ತದೆ. ಪೈಥಾನ್‌ನಿಂದ ನಿಮ್ಮದೇ ಕೊಲೇಶನ್ (ಜೋಡಿಸುವ ಕ್ರಮ) ಬರೆದು ಸೇರಿಸಿ. ಮತ್ತೆ ಅಂಗಡಿಯವರ ಹಳೇ ಸಾಮಾನು ಪಟ್ಟಿ ನುಡಿಯ ಆಸ್ಕಿ ಫಾಂಟಿನಲ್ಲಿದ್ದರೆ, ಆ ಫಾಂಟ್ ತೆಗೆದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಅದನ್ನು ಯೂನಿಕೋಡ್‌ಗೆ ತಿರುಗಿಸಿ, ಅಂಗಡಿಯವರನ್ನೇ ಕೂರಿಸಿಕೊಂಡು ಒಂದೊಂದೇ ಸಾಲು ಓದಿಸಿ. ರೇಟು ತಪ್ಪಿದ್ದರೂ ಆವಾಗಲೇ ಗೊತ್ತಾಗುತ್ತದೆ.