ಒಂದೇ ಹೈಸ್ಕೂಲು, ನಾಲ್ಕು ಅಭಿಪ್ರಾಯ: ಯಾರ ಮಾತು ನಂಬಲಿ?

ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮಗಳನ್ನು ಮುಂದಿನ ವರ್ಷ ಹೈಸ್ಕೂಲಿಗೆ ಸೇರಿಸಬೇಕು. ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆ ಬಗ್ಗೆ ವಿಚಾರಿಸಿದರೆ ಒಬ್ಬರು ‘ಕಣ್ಣು ಮುಚ್ಚಿ ಸೇರಿಸಿ, ಫಲಿತಾಂಶ ಚೆನ್ನಾಗಿದೆ’ ಅನ್ನುತ್ತಾರೆ. ಇನ್ನೊಬ್ಬರು ‘ಅಲ್ಲಿ ಪಾಠವೇ ನಡೆಯೋದಿಲ್ಲ’ ಅನ್ನುತ್ತಾರೆ. ಮತ್ತೊಬ್ಬರು ಮಗನನ್ನು ಅರ್ಧಕ್ಕೇ ಬಿಡಿಸಿ ಬೇರೆಡೆ ಹಾಕಿದ್ದಾರೆ. ಅಲ್ಲೇ ಓದಿದ ಹುಡುಗಿಯೊಬ್ಬಳು ಮಾತ್ರ ವಿಜ್ಞಾನದ ಟೀಚರನ್ನು ಬಾಯಿ ತುಂಬಾ ಹೊಗಳುತ್ತಾಳೆ. ನನಗೂ ನಮ್ಮ ಯಜಮಾನರಿಗೂ ದಿನಾ ಇದೇ ವಾದ. ಯಾರನ್ನು ನಂಬಲಿ?

ನಾಲ್ಕೂ ನಿಜವಿರಬಹುದು

ಸೋದರಿ, ನೀವು ಕೇಳಿದ ನಾಲ್ಕು ಮಾತಿನಲ್ಲಿ ಒಂದೂ ಸುಳ್ಳಾಗಿರಬೇಕಿಲ್ಲ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ತರಗತಿಗೆ ಎರಡು ಮೂರು ವಿಭಾಗ. ಒಂದೇ ಕಟ್ಟಡದಲ್ಲಿ ‘ಎ’ ವಿಭಾಗದ ಗಣಿತ ಅಚ್ಚುಕಟ್ಟಾಗಿ ನಡೆಯುತ್ತಿರುವಾಗ ‘ಬಿ’ ವಿಭಾಗದ ವಿಜ್ಞಾನಕ್ಕೆ ತಿಂಗಳುಗಟ್ಟಲೆ ಶಿಕ್ಷಕರೇ ಇಲ್ಲದಿರಬಹುದು. ಆ ಹುಡುಗಿಗೆ ಸಿಕ್ಕ ಟೀಚರೇ ಬೇರೆ, ಮಗನನ್ನು ಬಿಡಿಸಿಕೊಂಡವರು ಕಂಡ ವರ್ಷವೇ ಬೇರೆ. ಎಲ್ಲರೂ ತಮಗೆ ಸಿಕ್ಕ ತುಂಡನ್ನೇ ಇಡೀ ಶಾಲೆ ಎಂದು ಹೇಳುತ್ತಿದ್ದಾರೆ.

ಆದ್ದರಿಂದ ಅಭಿಪ್ರಾಯಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ, ಬಿಡಿಸಿ ನೋಡಿ. ಹೇಳಿದ ಪ್ರತಿಯೊಬ್ಬರನ್ನೂ ಇಷ್ಟು ಕೇಳಿ: ನಿಮ್ಮ ಮಗು ಯಾವ ವರ್ಷ ಅಲ್ಲಿತ್ತು? ಯಾವ ವಿಭಾಗ? ತೊಂದರೆ ಯಾವ ವಿಷಯದಲ್ಲಿ? ಆ ಶಿಕ್ಷಕರು, ಆ ಮುಖ್ಯೋಪಾಧ್ಯಾಯರು ಈಗಲೂ ಇದ್ದಾರಾ? ನೀವೇ ಕಂಡಿದ್ದೋ, ಯಾರೋ ಹೇಳಿದ್ದೋ? ಶಾಲೆಗೆ ಹೋಗಿ ಹೇಳಿದಾಗ ಅವರು ಏನು ಮಾಡಿದರು? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ತೊಂದರೆ ಎಲ್ಲ ಶಾಲೆಯಲ್ಲೂ ಬರುತ್ತದೆ. ಹೇಳಿದ ಮೇಲೆ ಸರಿಪಡಿಸುವ ಶಾಲೆಗೂ ಹೇಳಿದವರ ಬಾಯಿ ಮುಚ್ಚಿಸುವ ಶಾಲೆಗೂ ಬಹಳ ದೂರ.

ಉತ್ತರಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಐದು ವರ್ಷ ಹಿಂದಿನ ದೂರು, ಈಗಾಗಲೇ ವರ್ಗವಾಗಿ ಹೋದ ಶಿಕ್ಷಕರ ಮೇಲಿನ ಹೊಗಳಿಕೆ ಎರಡನ್ನೂ ಹೊಡೆದುಹಾಕಿ. ಬೇರೆ ಬೇರೆ ಮನೆಯವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು, ಇದೇ ವರ್ಷದ ಒಂದೇ ವಿಷಯವನ್ನು ಹೇಳಿದರೆ ಅದನ್ನು ಗಟ್ಟಿ ಎಂದು ಹಿಡಿಯಿರಿ. ತುಂಬಾ ಖುಷಿಯಾದವರು, ತುಂಬಾ ನೊಂದವರು ಕೇಳದಿದ್ದರೂ ಮಾತಾಡುತ್ತಾರೆ. ನಡುವೆ ಇರುವ ಬಹಳಷ್ಟು ಮಂದಿ ಸುಮ್ಮನಿರುತ್ತಾರೆ. ಅವರನ್ನು ನೀವೇ ಹುಡುಕಿ ಕೇಳಬೇಕು.

— ನಿವೃತ್ತ ಹೈಸ್ಕೂಲು ಶಿಕ್ಷಕಿ

‘ಫಲಿತಾಂಶ ಚೆನ್ನಾಗಿದೆ’ ಎಂಬುದರ ಲೆಕ್ಕ

ಶೇಕಡಾವಾರು ಫಲಿತಾಂಶ ಕೇಳಿದ ತಕ್ಷಣ ಎರಡು ಸಂಖ್ಯೆ ಕೇಳಿ: ಹೈಸ್ಕೂಲಿನ ಮೊದಲ ವರ್ಷ ಎಷ್ಟು ಮಕ್ಕಳು ಸೇರಿದ್ದರು, ಕೊನೆಯ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು? 60 ಮಕ್ಕಳು ಸೇರಿ, 48 ಮಂದಿ ಪರೀಕ್ಷೆ ಬರೆದು, 45 ಮಂದಿ ಪಾಸಾದರು ಎನ್ನಿ. ಬರೆದವರ ಲೆಕ್ಕದಲ್ಲಿ ಫಲಿತಾಂಶ ಶೇ 94ರ ಹತ್ತಿರ, ಸೇರಿದವರ ಲೆಕ್ಕದಲ್ಲಿ ಶೇ 75. ಗೋಡೆಯ ಮೇಲೆ ಬರೆಯುವುದು ಮೊದಲನೆಯದು.

ಎರಡನೆಯದನ್ನೇ ಹಿಡಿದು ಶಾಲೆಯನ್ನು ದೂರುವುದೂ ತಪ್ಪಾದೀತು. ಊರು ಬಿಟ್ಟು ವರ್ಗಾವಣೆ ಪತ್ರ ತೆಗೆದುಕೊಂಡು ಹೋದವರನ್ನು ಕಳೆಯಬೇಕು, ನಡುವೆ ಬಂದು ಸೇರಿದವರನ್ನು ಕೂಡಿಸಬೇಕು. ಐವರು ಹೋಗಿ ಇಬ್ಬರು ಬಂದಿದ್ದರೆ 57 ಮಕ್ಕಳ ತಂಡ; ಅದರಲ್ಲಿ 45 ಎಂದರೆ ಶೇ 79. ಅಮೆರಿಕದ ರಾಜ್ಯಗಳು ತಮ್ಮ ಹೈಸ್ಕೂಲುಗಳ ಲೆಕ್ಕವನ್ನು 2010–11ರಿಂದ ಹೆಚ್ಚುಕಡಿಮೆ ಹೀಗೇ ತೆಗೆಯುತ್ತಿವೆ. ಅದಕ್ಕೂ ಮೊದಲು ಒಂದೊಂದು ರಾಜ್ಯದ ಲೆಕ್ಕ ಒಂದೊಂದು ಥರ ಇತ್ತು, ಹೋಲಿಸಲು ಆಗುತ್ತಿರಲಿಲ್ಲ. ಈ ಉದಾಹರಣೆಯ 57ರಲ್ಲಿ ಪರೀಕ್ಷೆ ಬರೆದವರು 48; ನಿಮ್ಮ ಶಾಲೆಯಲ್ಲೂ ಹೀಗೆ ಉಳಿದ ಒಂಬತ್ತು ಮಕ್ಕಳು ಎಲ್ಲಿ ಹೋದರು ಎಂದು ಕೇಳಿ. ಓದು ಬಿಟ್ಟರೋ, ಅದೇ ತರಗತಿಯಲ್ಲಿ ಉಳಿದರೋ, ಫಲಿತಾಂಶ ಕೆಡಬಾರದೆಂದು ಪರೀಕ್ಷೆಗೇ ಕೂರಿಸಲಿಲ್ಲವೋ? ಮುಖ್ಯೋಪಾಧ್ಯಾಯರಿಗೆ ಆ ಮಕ್ಕಳ ಹೆಸರು ಗೊತ್ತಿದ್ದರೆ ಅದೇ ಒಳ್ಳೆಯ ಲಕ್ಷಣ.

ಚಿಕ್ಕ ಶಾಲೆಯಾದರೆ ಒಂದು ವರ್ಷದ ಏರಿಳಿತ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 40 ಮಕ್ಕಳಲ್ಲಿ ಒಬ್ಬ ಫೇಲಾದರೆ ಶೇ 2.5 ಇಳಿಯುತ್ತದೆ. ಪಾಠದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಆ ವರ್ಷ ಬಂದ ಮಕ್ಕಳ ಗುಂಪಿನಿಂದಲೇ ಶೇ 85 ಇದ್ದದ್ದು ಒಮ್ಮೆ 79ಕ್ಕೂ ಇನ್ನೊಮ್ಮೆ 91ಕ್ಕೂ ಹೋಗಬಹುದು. ಮೂರರಿಂದ ಐದು ವರ್ಷದ್ದನ್ನು ಒಟ್ಟಿಗೆ ಕೂಡಿಸಿ ನೋಡಿ. ವಿಷಯವಾರು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಒಂದೇ ವಿಷಯ ಪ್ರತಿವರ್ಷ ಹಿಂದೆ ಬೀಳುತ್ತಿದ್ದರೆ ಕಾರಣ ಬಹುಪಾಲು ಖಾಲಿ ಹುದ್ದೆ, ಇಲ್ಲವೇ ಬೇರೆ ವಿಷಯದವರು ಪಾಠ ಮಾಡುತ್ತಿರುವುದು.

ಇನ್ನೊಂದು ಮಾತು. ಪ್ರವೇಶ ಪರೀಕ್ಷೆ ಮಾಡಿ ಜಾಣರನ್ನೇ ಆರಿಸಿಕೊಳ್ಳುವ ಶಾಲೆಯ ಶೇ 98ಕ್ಕೂ, ಬಂದವರನ್ನೆಲ್ಲ ಸೇರಿಸಿಕೊಳ್ಳುವ ಸರ್ಕಾರಿ ಶಾಲೆಯ ಶೇ 80ಕ್ಕೂ ಹೋಲಿಕೆಯೇ ಸಲ್ಲದು. ಮಗು ಎಲ್ಲಿಂದ ಎಲ್ಲಿಗೆ ಬಂತು ಎನ್ನುವುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ 2016ರಿಂದ ಜಾರಿಗೆ ಬಂದ ‘ಪ್ರೋಗ್ರೆಸ್ 8’ ಅಳತೆ ಇದನ್ನೇ ಮಾಡುತ್ತದೆ: ಪ್ರಾಥಮಿಕ ಹಂತದ ಕೊನೆಯಲ್ಲಿ ಒಂದೇ ಮಟ್ಟದಲ್ಲಿದ್ದ ದೇಶದ ಇತರ ಮಕ್ಕಳಿಗೆ ಹೋಲಿಸಿ ಈ ಶಾಲೆಯ ಮಕ್ಕಳು ಎಷ್ಟು ಮುಂದೆ ಬಂದರು ಎಂದು ನೋಡುತ್ತದೆ. ಕೋವಿಡ್‌ನಿಂದ 2020, 2021ರಲ್ಲಿ ಪ್ರಾಥಮಿಕ ಹಂತದ ಆ ಪರೀಕ್ಷೆಗಳು ನಡೆಯದ್ದರಿಂದ ಆ ಮಕ್ಕಳು ಹೈಸ್ಕೂಲು ಮುಗಿಸುವ ವರ್ಷಗಳಿಗೆ ಈ ಲೆಕ್ಕ ತೆಗೆಯಲು ಆಗಲಿಲ್ಲ. ಆರಂಭದ ಮಟ್ಟ ಗೊತ್ತಿಲ್ಲದೆ ಶಾಲೆಯ ಶ್ರಮವನ್ನು ಅಳೆಯಲು ಬರುವುದಿಲ್ಲ.

— ಪರೀಕ್ಷಾ ಫಲಿತಾಂಶ ವಿಶ್ಲೇಷಣೆಯಲ್ಲಿ ದುಡಿದವರು

ಅಂಕಿ ಬಿಡಿ, ಒಂದು ದಿನ ಹೋಗಿ ನೋಡಿ

ಅಂಕಿಅಂಶಕ್ಕೆ ಮೇಲಿನವರಷ್ಟು ತೂಕ ನಾನು ಕೊಡಲಾರೆ. ಕೊನೆಯ ವರ್ಷ ಆಯ್ದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿಯೂ ಒಳ್ಳೆ ಫಲಿತಾಂಶ ತರಬಹುದು. ಶಾಲೆಯ ನಿಜವಾದ ಬಣ್ಣ ಮೊದಲ ವರ್ಷದ ತರಗತಿಯಲ್ಲಿ ಗೊತ್ತಾಗುತ್ತದೆ.

ವಾರ್ಷಿಕೋತ್ಸವದ ದಿನ, ಪ್ರವೇಶದ ಗದ್ದಲದ ದಿನ ಹೋಗಬೇಡಿ. ಮುಂಚೆಯೇ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ, ಸಾಮಾನ್ಯ ದಿನ, ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡಿಗೆ ಹೋಗಿ. ಸಡಿಲವಾಗುವುದಿದ್ದರೆ ಶಾಲೆ ಸಡಿಲವಾಗುವುದೇ ಆ ಹೊತ್ತಿನಲ್ಲಿ. ಬೆಳಗಿನ ಹಾಜರಿ 42 ಇದ್ದು ಆಗ ಬೆಂಚಿನ ಮೇಲೆ 30 ಮಕ್ಕಳಿದ್ದರೆ ಕೇಳಿ.

ವೇಳಾಪಟ್ಟಿಯನ್ನು ನಡೆಯುತ್ತಿರುವ ತರಗತಿಗಳ ಜತೆ ಹೋಲಿಸಿ. ಶಿಕ್ಷಕರು ರಜೆಯಲ್ಲಿದ್ದರೆ ಆ ಪೀರಿಯಡ್ಡಿಗೆ ಯಾರು ಹೋಗುತ್ತಾರೆ, ಪಾಠ ಮಾಡುತ್ತಾರೋ ಬರೀ ಕಾಯುತ್ತಾರೋ? ಗಣಿತಕ್ಕೆ ವಾರಕ್ಕೆ 40 ನಿಮಿಷದ 6 ಪೀರಿಯಡ್ ಎಂದರೆ 4 ಗಂಟೆ. ಶಿಕ್ಷಕರನ್ನು ಎರಡು ದಿನ ಬೇರೆ ಶಾಲೆಗೆ ನಿಯೋಜಿಸಿ ವಾರಕ್ಕೆ 2 ಪೀರಿಯಡ್ ತಪ್ಪಿದರೆ, 35 ವಾರದ ವರ್ಷದಲ್ಲಿ 46 ಗಂಟೆಗೂ ಹೆಚ್ಚು ಪಾಠ ಹೋಯಿತು. ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಆ ಮೂರನೇ ಒಂದು ಪಾಲನ್ನು ತುಂಬಿಸಲು ಆಗದು. ಪೋಷಕರು ‘ಪಾಠವೇ ನಡೆಯೋದಿಲ್ಲ’ ಎನ್ನುವಾಗ ಎಷ್ಟೋ ಸಲ ಹೇಳುತ್ತಿರುವುದು ಇದನ್ನೇ.

ಆಮೇಲೆ ನೋಟ್‌ಬುಕ್. ಶಾಲೆ ಆರಿಸಿ ಕೊಟ್ಟ ಪುಸ್ತಕ ಬೇಡ. ಮಕ್ಕಳ ಚೀಲದಿಂದ ಮೂರು ನಾಲ್ಕು ತೆಗೆಸಿ. ಪಾಠ ಬರೆದ ದಿನಾಂಕಕ್ಕೂ ತಿದ್ದಿದ ದಿನಾಂಕಕ್ಕೂ ಎಷ್ಟು ಅಂತರ? ಒಂದು ವಾರದೊಳಗಿದ್ದರೆ ಸರಿ. ಒಂದೇ ಪೆನ್ನಿನಲ್ಲಿ ಹತ್ತಿಪ್ಪತ್ತು ಪುಟಕ್ಕೆ ಒಂದೇ ದಿನ ಸಹಿ ಬಿದ್ದಿದ್ದರೆ ಅದು ತಪಾಸಣೆಗಾಗಿ ಮಾಡಿದ ಕೆಲಸ. ತಪ್ಪು ಲೆಕ್ಕದ ಮೇಲೂ ‘ರೈಟ್’ ಗುರುತು ಬಿದ್ದಿದೆಯೇ? ಯಾವ ಹೆಜ್ಜೆಯಲ್ಲಿ ತಪ್ಪಿದೆ ಎಂದು ಗುರುತಿಸಿ, ಮಗು ಅದರ ಕೆಳಗೆ ಮತ್ತೆ ಮಾಡಿದ್ದರೆ ಆ ತರಗತಿಯಲ್ಲಿ ಕಲಿಕೆ ನಡೆಯುತ್ತಿದೆ. ಎಲ್ಲ ಮಕ್ಕಳ ಉತ್ತರದಲ್ಲಿ ಅದೇ ಪದಗಳು, ಅದೇ ಕಾಗುಣಿತದ ತಪ್ಪು ಕಂಡರೆ ಬೋರ್ಡಿನಿಂದ ನಕಲು ಮಾಡಿಸಿದ್ದಾರೆ.

ಪ್ರಯೋಗಾಲಯದಲ್ಲಿ ಬಾಟಲಿಗಳ ಚೀಟಿ ಓದಲು ಬರುತ್ತದೆಯೇ, ಪ್ರನಾಳಗಳು ಬಳಸಿದ ಹಾಗೆ ಕಾಣುತ್ತವೆಯೇ ನೋಡಿ. ಉಪಕರಣವನ್ನು ಮಕ್ಕಳೇ ಹಿಡಿಯುತ್ತಾರೋ, ಶಿಕ್ಷಕರು ಮುಂದೆ ನಿಂತು ತೋರಿಸುತ್ತಾರೋ ಎಂದು ಮಕ್ಕಳನ್ನೇ ಕೇಳಿ. ಗ್ರಂಥಾಲಯದ ಪುಸ್ತಕ ವಿತರಣೆ ರಿಜಿಸ್ಟರಿನ ಕೊನೆಯ ದಿನಾಂಕ ನೋಡಿದರೆ ಸಾಕು.

ಹೆಣ್ಣುಮಕ್ಕಳ ಶೌಚಾಲಯವನ್ನು ಶಾಲೆ ಬಿಡುವ ಹೊತ್ತಿಗೆ ನೋಡಿ, ಬೆಳಗ್ಗೆ ತೊಳೆದಿಟ್ಟಾಗ ಅಲ್ಲ. ನೀರು, ಸೋಪು, ಚಿಲಕ, ಪ್ಯಾಡ್ ಹಾಕಲು ಮುಚ್ಚಳವಿರುವ ಬುಟ್ಟಿ ಇವೆಯೇ? ಇವಿಲ್ಲದ ಕಡೆ ಹುಡುಗಿಯರು ದಿನವಿಡೀ ನೀರು ಕುಡಿಯುವುದಿಲ್ಲ, ತಿಂಗಳಲ್ಲಿ ಕೆಲವು ದಿನ ಶಾಲೆಗೇ ಬರುವುದಿಲ್ಲ. ಇದು ಕೂಡ ಗುಣಮಟ್ಟವೇ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ.

— ಶಾಲಾ ತಪಾಸಣೆಯ ಅನುಭವಿ

ಶಾಲೆಯೊಂದರ ಮೇಲೇ ಭಾರ ಬೇಡ

ಅಮೆರಿಕದಲ್ಲಿ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ನೇತೃತ್ವದ ತಂಡ ಸುಮಾರು 4,000 ಶಾಲೆಗಳ ಸಮೀಕ್ಷೆಯ ವರದಿ ಪ್ರಕಟಿಸಿತು. ಮಕ್ಕಳ ಅಂಕಗಳಲ್ಲಿ ಕಂಡ ವ್ಯತ್ಯಾಸಕ್ಕೆ ಕಟ್ಟಡ, ಸೌಲಭ್ಯಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣ ಎಂದು ಅದು ಕಂಡುಕೊಂಡಿತು. ಶಾಲೆ ಹೇಗಿದ್ದರೂ ನಡೆಯುತ್ತದೆ ಎಂದು ಇದರರ್ಥವಲ್ಲ. ಒಳ್ಳೆಯ ಶಿಕ್ಷಕರು ಮಗುವಿನ ದಾರಿಯನ್ನೇ ಬದಲಿಸುತ್ತಾರೆ. ಆದರೆ ‘ಉತ್ತಮ’ ಶಾಲೆಗಾಗಿ ಮಗಳು ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕಳೆದರೆ ನಿದ್ದೆ, ಆಟ, ಓದು ಮೂರಕ್ಕೂ ಕತ್ತರಿ ಬೀಳುತ್ತದೆ. ಹತ್ತಿರದ ಶಾಲೆಯಲ್ಲಿ ಒಂದು ವಿಷಯ ಬಲಹೀನವಾಗಿದ್ದರೆ, ಉಳಿಯುವ ಆ ಸಮಯದಲ್ಲಿ ಒಂದು ಗಂಟೆ ಅದಕ್ಕೇ ಕೊಡಬಹುದು.

ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಕೂಡ ಸರ್ಕಾರಿ ಶಾಲೆಗಳಿಗೆ ಒಟ್ಟಾರೆಯಾಗಿ ಒಂದೇ ಪದದ ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ನೀವೂ ಯಜಮಾನರೂ ‘ಒಳ್ಳೆಯದೋ ಕೆಟ್ಟದ್ದೋ’ ಎಂಬ ವಾದ ಬಿಡಿ. ನಿಮ್ಮ ಮಗಳಿಗೆ ಯಾವುದು ಅಗತ್ಯ ಎಂದು ಮೊದಲು ಬರೆಯಿರಿ. ಗಣಿತಕ್ಕೆ ಹೆದರುವ ಮಗುವಿಗೆ ತಾಳ್ಮೆಯ ಗಣಿತ ಶಿಕ್ಷಕರು ಬೇಕು; ಆ ಶಾಲೆಯ ಕ್ರೀಡಾ ಕಪ್‌ಗಳಿಂದ ಅವಳಿಗೆ ಆಗಬೇಕಾದ್ದೇನೂ ಇಲ್ಲ.

— ಪೋಷಕರ ಸಮಿತಿಯೊಂದರ ಸದಸ್ಯರು

ಸೇರಿಸಿದ ಮೇಲಿನ ಆರು ವಾರ

ಸೇರಿಸುವುದಾದರೆ ಮೊದಲ ಆರು ವಾರ ಕಣ್ಣಿಟ್ಟಿರಿ, ಅಮ್ಮಾ. ಪ್ರತಿ ಶುಕ್ರವಾರ ಮಗಳ ಜತೆ ಕೂತು, ಆ ವಾರ ಯಾವ ವಿಷಯದ ಎಷ್ಟು ಪೀರಿಯಡ್ ನಡೆಯಿತು ಎಂದು ವೇಳಾಪಟ್ಟಿಯಲ್ಲೇ ಗುರುತು ಹಾಕಿ. ‘ಶಾಲೆ ಹೇಗಿದೆ’ ಎಂದರೆ ‘ಚೆನ್ನಾಗಿದೆ’ ಎಂದು ಬಿಡುತ್ತಾಳೆ. ‘ಇವತ್ತು ಯಾರನ್ನು ಪ್ರಶ್ನೆ ಕೇಳಿದೆ, ಊಟಕ್ಕೆ ಯಾರ ಜತೆ ಕೂತೆ, ಯಾವ ಪೀರಿಯಡ್ ಖಾಲಿ ಹೋಯಿತು’ ಎಂದು ಕೇಳಿ.

ಒಂದೇ ವಿಷಯ ಎರಡು ವಾರ ಸತತವಾಗಿ ಖಾಲಿ ಹೋದರೆ ಮೊದಲು ತರಗತಿ ಶಿಕ್ಷಕರ ಹತ್ತಿರ ಮಾತಾಡಿ. ಹತ್ತು ದಿನದಲ್ಲಿ ಬದಲಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ದಿನಾಂಕಗಳನ್ನು ಕಾಣಿಸಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಲ್ಕೈದು ಪೋಷಕರ ಸಹಿ ಇದ್ದರೆ ಒಳ್ಳೆಯದು. ಹುದ್ದೆ ಖಾಲಿ ಇರುವುದೇ ಕಾರಣವಾದರೆ ಮುಖ್ಯೋಪಾಧ್ಯಾಯರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ನೇಮಕ ಅವರ ಕೈಯಲ್ಲಿಲ್ಲ. ಅದೇ ಮನವಿಯ ಪ್ರತಿಯನ್ನು ಮೇಲಿನ ಕಚೇರಿಗೆ ಕಳಿಸಿ. ಮಗಳಿಗೆ ಹೊಡೆತ, ಅವಮಾನ, ಕಿರುಕುಳದ ಸಂಗತಿ ಇದ್ದರೆ ಮಾತ್ರ ಈ ಹತ್ತು ದಿನದ ಲೆಕ್ಕ ಬೇಡ. ಅದೇ ದಿನ ಶಾಲೆಗೆ ಹೋಗಿ.

— ಶಾಲಾ ಆಪ್ತಸಮಾಲೋಚಕಿ