ಹೆಸರಲ್ಲೇ ಪಿಡಿಎಫ್ ಇದೆ, ಅಪ್‌ಲೋಡ್ ಮಾಡಿದರೆ "ಪಿಡಿಎಫ್ ಅಲ್ಲ" ಅನ್ನುತ್ತೆ. ನಾಳೆ ಕೊನೆ ದಿನ!

ನಾಲೆಬದಿ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ನನಗೆ ಹೊಸದು. ಮಗಳ ಕಾಲೇಜು ಅರ್ಜಿಗೆ ಅಂಕಪಟ್ಟಿ ಹಾಕಬೇಕು. ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಮಾಡಿಕೊಂಡೆ. ಬರೀ "ಮಾರ್ಕ್ಸ್" ಅಂತ ಹೆಸರು ಬಂತು. ಪಿಡಿಎಫ್ ಬೇಕು ಅಂದಿದ್ದಾರಲ್ಲ ಅಂತ ನಾನೇ ಹೆಸರು ಬದಲಿಸಿ "ಮಾರ್ಕ್ಸ್.ಪಿಡಿಎಫ್" ಮಾಡಿದೆ. ಆದರೂ "ಪಿಡಿಎಫ್ ಮಾತ್ರ ಹಾಕಿ" ಅಂತ ಕೆಂಪಕ್ಷರದಲ್ಲಿ ಬರುತ್ತೆ. ಡಬಲ್ ಕ್ಲಿಕ್ ಮಾಡಿದರೆ ಕ್ರೋಮ್‌ನಲ್ಲಿ ಯಾವುದೋ ಅರ್ಧಂಬರ್ಧ ಪುಟ. ವಿಂಡೋಸ್ 10. ಸೈಬರ್ ಸೆಂಟರ್‌ನವರು ವೈರಸ್ ಇದೆ, ಫಾರ್ಮ್ಯಾಟ್ ಮಾಡಿಸಿ, 500 ಆಗುತ್ತೆ ಅಂದರು. ಮಾಡಿಸಲಾ?

ಕಲ್ಲಿನಕೋಟೆ, ಚಿತ್ರದುರ್ಗ
ಬೇಡ ಅಕ್ಕ. ದುಡ್ಡು ಪರ್ಸಲ್ಲೇ ಇರಲಿ.

ವಿಂಡೋಸ್‌ಗೆ ಒಂದು ಕೆಟ್ಟ ಚಾಳಿ ಇದೆ. ಫೈಲ್ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್, ಅದನ್ನ ಮುಚ್ಚಿಡುತ್ತೆ. ಹೊಸಬರಿಗೆ ಗಲಿಬಿಲಿ ಆಗಬಾರದು ಅಂತ ಇರಬೇಕು. ಗಲಿಬಿಲಿ ಜಾಸ್ತಿ ಆಗೋದೇ ಅದರಿಂದ. ಫೋಲ್ಡರ್ ತೆರೆದು ಮೇಲೆ "ವ್ಯೂ" ಒತ್ತಿ, "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಅನ್ನೋ ಚೌಕಕ್ಕೆ ಟಿಕ್ ಹಾಕಿ. (ವಿಂಡೋಸ್ 11 ಇದ್ದವರಿಗೆ ಇದು "ವ್ಯೂ", ಆಮೇಲೆ "ಶೋ" ಒಳಗೆ ಸಿಗುತ್ತೆ.) ಈಗ ಪೂರ್ತಿ ಹೆಸರು ಏನು ಕಾಣುತ್ತೆ, ಸೈಜ್ ಎಷ್ಟಿದೆ, ಹೇಳಿ.

ನಾಲೆಬದಿ, ದಾವಣಗೆರೆ
ಅಯ್ಯೋ, "ಮಾರ್ಕ್ಸ್.ಪಿಡಿಎಫ್.ಎಚ್‌ಟಿಎಂಎಲ್" ಅಂತಿದೆ! ಸೈಜ್ 6 ಕೆಬಿ. ಕೊನೇ ಬಾಲ ಅಳಿಸಿಬಿಟ್ಟರೆ ಸರಿಹೋಗುತ್ತಾ?

ಕಲ್ಲಿನಕೋಟೆ, ಚಿತ್ರದುರ್ಗ
ಹೋಗಲ್ಲ. ಎಚ್‌ಟಿಎಂಎಲ್ ಅಂದರೆ ವೆಬ್ ಪುಟ. ಮಂಡಕ್ಕಿ ಚೀಲದ ಮೇಲೆ ಅವಲಕ್ಕಿ ಅಂತ ಬರೆದರೆ ಒಳಗಿರೋದು ಮಂಡಕ್ಕಿನೇ ಅಲ್ವಾ? ದಾವಣಗೆರೆಯವರಿಗೆ ನಾನು ಹೇಳಬೇಕಾ!

ಒಳಗೇನಿದೆ ಅಂತ ಕಣ್ಣಾರೆ ನೋಡಿ. ಫೈಲ್ ಮೇಲೆ ರೈಟ್ ಕ್ಲಿಕ್, "ಓಪನ್ ವಿತ್", ನೋಟ್‌ಪ್ಯಾಡ್. ನಿಜವಾದ ಪಿಡಿಎಫ್ ಆದರೆ ಮೊದಲ ಸಾಲಿನಲ್ಲಿ ಶೇಕಡಾ ಗುರುತು, ಅದಕ್ಕೆ ಅಂಟಿಕೊಂಡು ಪಿಡಿಎಫ್ ಅಂತ ಇರುತ್ತೆ. ಕೆಳಗೆಲ್ಲಾ ಅರ್ಥವಾಗದ ಅಕ್ಷರಗಳು, ಹೆದರಬೇಡಿ. ನೋಡಿ ಸುಮ್ನೆ ಮುಚ್ಚಿ. ಸೇವ್ ಮಾತ್ರ ಕೊಡಬೇಡಿ, ಒಳ್ಳೆ ಫೈಲೂ ಕೆಡಬಹುದು.

ನಾಲೆಬದಿ, ದಾವಣಗೆರೆ
ಶೇಕಡಾ ಗುರುತು ಇಲ್ಲ. ಮೊದಲ ಸಾಲಿನಲ್ಲಿ ಎಚ್‌ಟಿಎಂಎಲ್ ಅಂತಿದೆ. ಕೆಳಗೆ ಒಂದು ಕಡೆ ಲಾಗಿನ್, ಪಾಸ್‌ವರ್ಡ್ ಅನ್ನೋ ಪದಗಳಿವೆ.

ಕಲ್ಲಿನಕೋಟೆ, ಚಿತ್ರದುರ್ಗ
ಸಿಕ್ಕಿತು ನೋಡಿ. ನೀವು ಇಳಿಸಿಕೊಂಡಿರೋದು ಅಂಕಪಟ್ಟಿ ಅಲ್ಲ, ಲಾಗಿನ್ ಪುಟ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಇಂಥ ಸೈಟುಗಳು ನಮ್ಮನ್ನ ಹೊರಗೆ ಹಾಕುತ್ತವೆ. ಆಮೇಲೆ ಲಿಂಕ್ ಸೇವ್ ಮಾಡಿದರೆ ಪಿಡಿಎಫ್ ಬದಲು "ಮತ್ತೆ ಲಾಗಿನ್ ಆಗಿ" ಅನ್ನೋ ಪುಟ ಬಂದು ಕೂರುತ್ತೆ. ಅದನ್ನ ಅಳಿಸಿ. ಮತ್ತೆ ಲಾಗಿನ್ ಆಗಿ ಲಿಂಕಿನ ಮೇಲೆ ಎಡ ಕ್ಲಿಕ್ ಮಾಡಿ. ಅಂಕಪಟ್ಟಿ ಪರದೆ ಮೇಲೆ ಕಂಡ ಮೇಲೆ, ಬಲಗಡೆ ಮೇಲಿರೋ ಕೆಳಮುಖದ ಬಾಣ ಒತ್ತಿ.

ಅಡಿಕೆತೋಟ, ಹೊಳಲ್ಕೆರೆ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಡೌನ್‌ಲೋಡ್ ಪೂರ್ತಿ ಮುಗಿದಿದೆಯಾ ಅಂತಲೂ ನೋಡಿ ಮೇಡಂ. ಮುಗಿಯೋ ತನಕ ಕ್ರೋಮ್ "ಸಿಆರ್‌ಡೌನ್‌ಲೋಡ್" ಅನ್ನೋ ಬಾಲ ಅಂಟಿಸಿರುತ್ತೆ, ಫೈರ್‌ಫಾಕ್ಸ್ ಆದರೆ "ಪಾರ್ಟ್". ನಮ್ಮ ಕಡೆ ಕರೆಂಟ್ ಹೋಗಿ ಎಷ್ಟೋ ಸಲ ಅರ್ಧಕ್ಕೇ ನಿಂತಿದೆ.

ಎಕ್ಸ್‌ಟೆನ್ಷನ್ ಕಾಣೋಕೆ ಹಾಕಿದ ಆ ಟಿಕ್ ತೆಗೀಬೇಡಿ. "ಬಿಲ್.ಪಿಡಿಎಫ್.ಇಎಕ್ಸ್‌ಇ" ಅಂತ ಮೇಲ್‌ನಲ್ಲಿ ಬಂದರೆ, ಬಾಲ ಕಂಡರಷ್ಟೇ ಅದು ಬಿಲ್ ಅಲ್ಲ, ಪ್ರೋಗ್ರಾಂ ಅಂತ ಗೊತ್ತಾಗೋದು. ವಾಟ್ಸಾಪಲ್ಲಿ ಮದುವೆ ಕಾರ್ಡ್ ಅಂತ ಬರೋ ಎಪಿಕೆ (ಅಂದರೆ ಆಂಡ್ರಾಯ್ಡ್ ಫೋನಿನ ಆ್ಯಪ್) ಫೈಲಿನ ಕಥೆಯೂ ಇದೇ.

ನಾಲೆಬದಿ, ದಾವಣಗೆರೆ
ಬಂತು ತಮ್ಮಾ! 212 ಕೆಬಿ, ಮಗಳ ಹೆಸರು, ನಂಬರ್ ಎಲ್ಲಾ ಕಾಣುತ್ತೆ. ಅಪ್‌ಲೋಡೂ ಆಯಿತು. ಈಗ ಫೋಟೋ ಜೆಪಿಜಿ ಬೇಕಂತೆ. ಇರೋದು ಪಿಎನ್‌ಜಿ. ಬಾಲ ಬದಲಿಸೋಕೆ ಹೋದರೆ ಫೈಲ್ ಕೆಡಬಹುದು ಅಂತ ವಿಂಡೋಸೇ ಎಚ್ಚರಿಸಿತು, ಕೈ ಬಿಟ್ಟೆ.

ಕಲ್ಲಿನಕೋಟೆ, ಚಿತ್ರದುರ್ಗ
ಒಳ್ಳೇದಾಯಿತು. ಪೇಂಟ್‌ನಲ್ಲಿ ತೆರೆದು "ಸೇವ್ ಆಸ್" ಒಳಗೆ ಜೆಪಿಇಜಿ (ಜೆಪಿಜಿ ಅಂದರೂ ಅದೇ) ಆರಿಸಿ. ಆಗ ಹೆಸರಷ್ಟೇ ಅಲ್ಲ, ಒಳಗಿರೋದೂ ಬದಲಾಗುತ್ತೆ.

ನಾಲೆಬದಿ, ದಾವಣಗೆರೆ
ಅದೂ ಆಯಿತು. ಅರ್ಜಿ ಸಂಖ್ಯೆ ಬಂತು, ಮಗಳು ಬರೆದುಕೊಳ್ತಿದ್ದಾಳೆ.