ಬಾತ್‌ರೂಮಿನ ಜಿಎಫ್‌ಸಿಐ ರೀಸೆಟ್ ಆಗುತ್ತಿಲ್ಲ, ಬ್ರೇಕರ್ ಬಿದ್ದಿಲ್ಲ

ಪ್ರಶ್ನೆ:
ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಮನೆ 1979ರದ್ದು. ಮಹಡಿ ಮೇಲಿನ ಬಾತ್‌ರೂಮಿನ ಔಟ್‌ಲೆಟ್‌ಗೆ ನಿನ್ನೆ ಮಳೆ ಬಂದಾಗಿನಿಂದ ಕರೆಂಟ್ ಇಲ್ಲ. ಹಳೆಯದು ಹೋಗಿದೆ ಅಂದುಕೊಂಡು ಹೊಸ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಔಟ್‌ಲೆಟ್) ತಂದು ಹಾಕಿದೆ. ರೀಸೆಟ್ ಬಟನ್ ಒಳಗೆ ಕೂರುವುದೇ ಇಲ್ಲ. ಪ್ಯಾನೆಲ್‌ನಲ್ಲಿ ಎಲ್ಲ ಬ್ರೇಕರೂ ಸರಿ ಇವೆ. ಮೊದಲಿದ್ದದ್ದು ಬಟನ್ ಇಲ್ಲದ ಸಾದಾ ಔಟ್‌ಲೆಟ್. ವಾಪಸ್ ಅದನ್ನೇ ಹಾಕಿಬಿಡಲಾ?

ಉತ್ತರ:
ಸ್ವಲ್ಪ ತಡೆಯಿರಿ. ಈಗಿನ ಜಿಎಫ್‌ಸಿಐಗೆ ಕರೆಂಟೇ ಬರದಿದ್ದರೆ ರೀಸೆಟ್ ನಿಲ್ಲುವುದಿಲ್ಲ. ಲೈನ್ (ಕರೆಂಟ್ ಬರುವ) ಮತ್ತು ಲೋಡ್ (ಮುಂದಿನ ಔಟ್‌ಲೆಟ್‌ಗೆ ಹೋಗುವ) ವೈರು ಅದಲು ಬದಲಾದರೂ ಹೀಗೇ ಆಗುತ್ತದೆ. ಲೈನ್ ಕಡೆಯ ಕಪ್ಪು ಮತ್ತು ಬಿಳಿ ವೈರಿನ ನಡುವೆ ಮೀಟರ್ ಇಟ್ಟು ನೋಡಿ. 120 ವೋಲ್ಟ್ ಇದೆಯಾ?

ಪ್ರಶ್ನೆ ಕೇಳಿದವರು:
ಸೊನ್ನೆ.

ಉತ್ತರ:
ಹಾಗಾದರೆ ಔಟ್‌ಲೆಟ್ ತಪ್ಪಲ್ಲ. ಗ್ಯಾರೇಜಿಗೆ ಹೋಗಿ, ಪೆಟ್ಟಿಗೆ, ಕಪಾಟು ಎಲ್ಲ ಸರಿಸಿ ಗೋಡೆಯಲ್ಲಿ ಇನ್ನೊಂದು ಜಿಎಫ್‌ಸಿಐ ಇದೆಯಾ ನೋಡಿ.

ನಮ್ಮೂರಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಮೀಟರ್ ಬೋರ್ಡಿನ ಹತ್ತಿರ ಇರುತ್ತದೆ, ಅಲ್ವಾ? ಹಾಗಾಗಿ ನಾವು ಪ್ಯಾನೆಲ್ ನೋಡಿ ಸುಮ್ಮನಾಗುತ್ತೇವೆ. ಇಲ್ಲಿ ಆ ಕೆಲಸವನ್ನು ಹೆಚ್ಚಾಗಿ ಔಟ್‌ಲೆಟ್ಟೇ ಮಾಡುತ್ತದೆ. ಬಾತ್‌ರೂಮಿಗೆ ಈ ರಕ್ಷಣೆ ಇರಲೇಬೇಕು ಎಂದು ಇಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಹೇಳಿದ್ದು 1975ರಲ್ಲಿ. ಆಗ ಜಿಎಫ್‌ಸಿಐ ದುಬಾರಿ. ಗ್ಯಾರೇಜಿನಲ್ಲಿ ಒಂದನ್ನು ಹಾಕಿ, ಅದರ ಲೋಡ್‌ನಿಂದಲೇ ಬಾತ್‌ರೂಮಿಗೂ ಹೊರಗೋಡೆಗೂ ವೈರ್ ಎಳೆಯುತ್ತಿದ್ದರು. ಹೊರಗಿನ ಔಟ್‌ಲೆಟ್ ನೆನೆದರೆ ಮೂರೂ ಕಡೆ ಕರೆಂಟ್ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ಫ್ರಿಜ್ಜಿನ ಹಿಂದೆ ಇತ್ತು. ಒತ್ತಿದರೆ ಕರೆಂಟ್ ಬರುತ್ತದೆ, ಒಂದು ನಿಮಿಷಕ್ಕೆ ಮತ್ತೆ ಹೋಗುತ್ತದೆ. ಹಿತ್ತಲಿನ ಔಟ್‌ಲೆಟ್‌ನ ಮುಚ್ಚಳ ಮುರಿದಿದೆ, ಒಳಗೆಲ್ಲ ನೀರು. ಈ ಜಿಎಫ್‌ಸಿಐ ತೆಗೆದುಬಿಟ್ಟರೆ ಕಾಟ ತಪ್ಪುತ್ತದಾ?

ಉತ್ತರ:
ದಯವಿಟ್ಟು ಬೇಡ. ಅದು ತನ್ನ ಕೆಲಸ ಮಾಡುತ್ತಿದೆ. ಬ್ರೇಕರ್ ಬೀಳಬೇಕಾದರೆ 15 ಅಥವಾ 20 ಆಂಪಿಗಿಂತ ಜಾಸ್ತಿ ಹರಿಯಬೇಕು. ಮನುಷ್ಯನ ಜೀವ ಹೋಗಲು ಅದರ ಒಂದು ಸಣ್ಣ ಪಾಲು ಸಾಕು. ಜಿಎಫ್‌ಸಿಐ ಹೋದ ಕರೆಂಟನ್ನೂ ವಾಪಸ್ ಬಂದದ್ದನ್ನೂ ಹೋಲಿಸುತ್ತದೆ. ಸುಮಾರು 5 ಮಿಲಿ ಆಂಪ್ ವ್ಯತ್ಯಾಸ ಬಂದರೆ ಕಡಿದುಹಾಕುತ್ತದೆ. ನಮ್ಮೂರಿನ ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30ರದ್ದು. ಇಲ್ಲಿನದು ಅದಕ್ಕಿಂತ ಸೂಕ್ಷ್ಮ.

ಬ್ರೇಕರ್ ಆಫ್ ಮಾಡಿ, ಕರೆಂಟ್ ಇಲ್ಲ ಎಂದು ಮೀಟರಿನಲ್ಲಿ ಖಚಿತ ಮಾಡಿಕೊಂಡು ಹಿತ್ತಲಿನ ಔಟ್‌ಲೆಟ್ ಬದಲಿಸಿ. ಪ್ಲಗ್ ಹಾಕಿದಾಗಲೂ ಪೂರ್ತಿ ಮುಚ್ಚುವ ಕವರ್ ಹಾಕಿ. ಗ್ಯಾರೇಜಿನದು ತುಂಬ ಹಳೆಯದಾದರೆ ಅದನ್ನೂ ಬದಲಿಸಿ, ಈಗಿನವು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಬಾತ್‌ರೂಮಿನಲ್ಲಿ ನೀವು ಹಾಕಿದ ಹೊಸದು ಅಲ್ಲೇ ಇರಲಿ. ಮುಂದೆ ಬಾತ್‌ರೂಮ್ ಒಡೆದು ಕಟ್ಟಿಸುವಾಗ ಅದಕ್ಕೇ ಬೇರೆ 20 ಆಂಪ್ ಲೈನ್ ಎಳೆಸಿ. ಹೊಸ ಮನೆಗಳಿಗೆ ಕೋಡ್ ಕೇಳುವುದೂ ಅದನ್ನೇ. ಬೇಸಿನ್ ಅಂಚಿನಿಂದ 3 ಅಡಿಯೊಳಗೆ ಒಂದು ಔಟ್‌ಲೆಟ್ ಕೂಡ ಬೇಕು.

ಪ್ರಶ್ನೆ ಕೇಳಿದವರು:
ಹಿತ್ತಲಿನದು ಬದಲಿಸಿದೆ. ರಾತ್ರಿಯೆಲ್ಲ ಮಳೆ ಸುರಿಯಿತು, ಒಮ್ಮೆಯೂ ಬೀಳಲಿಲ್ಲ. ಫ್ರಿಜ್ಜನ್ನು ಆ ಗೋಡೆಯಿಂದ ಆಚೆ ಸರಿಸಿದ್ದೇನೆ.